ಶಿಮ್ಲಾ: ಹೋಗುವವರು, ಹೊರುವವರು

ರಜೆ ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ಖಾಸಗಿ ಪ್ರವಾಸ’ ಎಂದು ಬರೆದೆ. ದಸರೆಯ ಗಲಾಟೆ ಮುಗಿದ ಮೇಲೆ, ಅಕ್ಟೋಬರ್ ಕೊನೆಯಲ್ಲಿ, ಆರು ದಿನ. ಹೋಗಿಬರುವುದಕ್ಕೆ ಮೂರು ದಿನ ಕಳೆದರೆ ಶಿಮ್ಲಾದಲ್ಲಿ ಇರುವುದು ಮೂರೇ ದಿನ. ಹೋಗುವವರು ಇಬ್ಬರು, ನಾನು ಮತ್ತು ಅಮ್ಮ.

ಅಮ್ಮನಿಗೆ 71. ಹಳ್ಳಿ ಶಾಲೆಗಳಲ್ಲಿ 32 ವರ್ಷ ಪಾಠ ಹೇಳಿದವಳು. ‘ಬ್ರಿಟಿಷರ ಕಾಲದಲ್ಲಿ ಭಾರತದ ಬೇಸಿಗೆಯ ರಾಜಧಾನಿ ಯಾವುದು?’ ಎಂಬ ಒಂದು ಅಂಕದ ಪ್ರಶ್ನೆಯನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದಾಳೋ ಲೆಕ್ಕವಿಲ್ಲ. ಆ ಊರನ್ನು ಒಮ್ಮೆ ನೋಡಬೇಕು, ಅಲ್ಲಿಯ ಪುಟ್ಟ ರೈಲಿನಲ್ಲಿ ಕೂರಬೇಕು ಎನ್ನುವುದು ಅವಳ ಹಳೆಯ ಆಸೆ. ನಾನು ಕೆಲಸಕ್ಕೆ ಸೇರಿದ ವರ್ಷದಿಂದ ‘ಈ ಸಲ ಹೋಗೋಣ’ ಎನ್ನುತ್ತಲೇ ಬಂದೆ. ಅಷ್ಟರಲ್ಲಿ ಅವಳ ಮಂಡಿ ಸವೆಯಿತು.

ಯೋಜನೆ ಎಂದು ಕೂತಾಗ ಮೊದಲು ಎದುರಾದದ್ದೇ ಮಂಡಿ. ಶಿಮ್ಲಾದ ಮಾಲ್ ರಸ್ತೆಗೆ ವಾಹನಗಳ ಪ್ರವೇಶವಿಲ್ಲ. ಬಸ್ಸು, ಟ್ಯಾಕ್ಸಿ ಎಲ್ಲ ಕೆಳಗಿನ ಕಾರ್ಟ್ ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಂದ ಮೇಲಕ್ಕೆ ಒಂದು ಲಿಫ್ಟ್ ಇದೆ ನಿಜ, ಆದರೆ ಲಿಫ್ಟ್ ಇಳಿದ ಮೇಲೂ ಏರು, ಮೆಟ್ಟಿಲು, ಮತ್ತೆ ಏರು. ಮೇಲ್ಗಡೆಯ ಒಂದು ಹೋಟೆಲಿಗೆ ಫೋನ್ ಮಾಡಿ ಕೇಳಿದೆ. ಆ ಕಡೆಯ ಹುಡುಗ ಬಹಳ ಸಮಾಧಾನದಿಂದ, “ಚಿಂತೆ ಮಾಡಬೇಡಿ ಮೇಡಂ, ಸಾಮಾನು ಹೊರೋಕೆ ಖಾನ್ ಬರ್ತಾನೆ. ಅಮ್ಮನಿಗೂ ಏನಾದ್ರೂ ವ್ಯವಸ್ಥೆ ಮಾಡೋಣ, ಜನ ಸಿಗ್ತಾರೆ” ಎಂದ.

ಶಿಮ್ಲಾದಲ್ಲಿ ‘ಖಾನ್’ ಎನ್ನುವುದು ಒಬ್ಬನ ಹೆಸರಲ್ಲ. ಕಾಶ್ಮೀರದ ಹಳ್ಳಿಗಳಿಂದ ಬಂದು, ಬೆನ್ನಿಗೆ ಹಗ್ಗ ಬಿಗಿದು ಗ್ಯಾಸ್ ಸಿಲಿಂಡರು, ಸಿಮೆಂಟು ಚೀಲ, ಫ್ರಿಜ್ಜು, ಪ್ರವಾಸಿಗರ ಸೂಟ್‌ಕೇಸುಗಳನ್ನು ಮೇಲಕ್ಕೆ ಸಾಗಿಸುವ ಎಲ್ಲರಿಗೂ ಊರು ಇಟ್ಟಿರುವ ಹೆಸರು ಅದು. ಫೋನ್ ಇಟ್ಟ ಮೇಲೆ ‘ಜನ ಸಿಗ್ತಾರೆ’ ಎಂಬ ಮಾತೇ ನನ್ನನ್ನು ಹಿಡಿದುಕೊಂಡಿತು. ಎರಡು ಶತಮಾನಗಳಿಂದ ಈ ಊರಿಗೆ ಹೋಗಲು ಹೊರಟವರೆಲ್ಲ ಬಹುಶಃ ಇದನ್ನೇ ಕೇಳಿಸಿಕೊಂಡಿರಬೇಕು. ಪ್ರವಾಸದ ತಯಾರಿ ಅಲ್ಲಿಗೆ ನಿಂತು, ನಾನು ಕಾಲೇಜಿನ ಗ್ರಂಥಾಲಯಕ್ಕೆ ನಡೆದೆ. ಇತಿಹಾಸ ಪಾಠ ಮಾಡುವವರ ರೋಗ ಇದು.

ಶಿಮ್ಲಾದಲ್ಲಿ ಬ್ರಿಟಿಷರ ಮೊದಲ ಪಕ್ಕಾ ಮನೆ ಎದ್ದದ್ದು 1822ರಲ್ಲಿ, ಕ್ಯಾಪ್ಟನ್ ಚಾರ್ಲ್ಸ್ ಪ್ರಾಟ್ ಕೆನಡಿಯದು. ಸುತ್ತಲಿನ ಗುಡ್ಡಗಾಡು ಸಂಸ್ಥಾನಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ ಅವನು. ಬಯಲಿನ ಸೆಖೆಯಲ್ಲಿ ಬೆಂದ ಅಧಿಕಾರಿಗಳು ಒಬ್ಬರ ಹಿಂದೆ ಒಬ್ಬರು ಮೇಲೆ ಬಂದು ಮನೆ ಕಟ್ಟಿಸಿದರು. 1838ರ ಬೇಸಿಗೆಗೆ ಗವರ್ನರ್ ಜನರಲ್ ಆಕ್ಲೆಂಡ್ ಬಂದಾಗ ಅವನ ಜೊತೆ ಅಕ್ಕತಂಗಿಯರೂ ಇದ್ದರು. ಅವರಲ್ಲಿ ಎಮಿಲಿ ಈಡನ್ ದಾರಿಯುದ್ದಕ್ಕೂ ಬರೆದ ಪತ್ರಗಳು 1866ರಲ್ಲಿ ಪುಸ್ತಕವಾಗಿ ಬಂದವು. ಚುರುಕು ನಾಲಿಗೆಯ ಹೆಂಗಸು. ಓದುತ್ತಾ ನಗು ಬರುತ್ತದೆ. ಬಯಲಿನಲ್ಲಿ ಸಾಗಿದ ಅವರ ಬಿಡಾರದಲ್ಲಿ ಹತ್ತು ಹನ್ನೆರಡು ಸಾವಿರ ಜನ, ನೂರಾರು ಒಂಟೆ, ನೂರಕ್ಕೂ ಹೆಚ್ಚು ಆನೆ. ಅಣ್ಣ ಮತ್ತು ತಂಗಿಯರು ಬೆಟ್ಟಕ್ಕೆ ಹೋಗಲು ಇಷ್ಟು! ನಾನು ಅಮ್ಮನಿಗೆ ಇದನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ: “ಅಷ್ಟು ಜನಕ್ಕೆ ಅಡುಗೆ ಯಾರು ಮಾಡ್ತಿದ್ರು?”

1864ರಿಂದ ಇದು ಸರ್ಕಾರದ ಕ್ರಮವೇ ಆಯಿತು. ವೈಸರಾಯ್ ಜಾನ್ ಲಾರೆನ್ಸ್ ಶಿಮ್ಲಾವನ್ನು ಬೇಸಿಗೆಯ ರಾಜಧಾನಿ ಮಾಡಿದ. ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಕಾಲ, ಮೊದಲು ಕಲ್ಕತ್ತೆಯಿಂದ, 1911ರ ನಂತರ ದೆಹಲಿಯಿಂದ, ಇಡೀ ಸರ್ಕಾರ ಕಡತ ಕಟ್ಟಿಕೊಂಡು ಗುಡ್ಡ ಹತ್ತುತ್ತಿತ್ತು. ಗುಮಾಸ್ತರು, ಅವರ ಸಂಸಾರ, ಟೈಪ್‌ರೈಟರು, ಪೆಟ್ಟಿಗೆ ಪೆಟ್ಟಿಗೆ ಕಾಗದ. ನಮ್ಮಲ್ಲಿ ಅಧಿವೇಶನಕ್ಕೆಂದು ಹತ್ತು ದಿನ ಬೆಳಗಾವಿಗೆ ಹೊರಟರೇ ಎಷ್ಟು ಲಾರಿ, ಎಷ್ಟು ಬಸ್ಸು, ಎಷ್ಟು ಹೋಟೆಲ್ ಕೋಣೆ ಎಂದು ಪತ್ರಿಕೆಗಳು ಲೆಕ್ಕ ಹಾಕುತ್ತವೆ. ಲಾರಿಯೇ ಇಲ್ಲದ ಕಾಲದಲ್ಲಿ, ಎರಡು ಸಾವಿರ ಮೀಟರ್ ಎತ್ತರಕ್ಕೆ ಒಂದು ಸಾಮ್ರಾಜ್ಯದ ಕಚೇರಿ ಏರಬೇಕಿತ್ತು. ಬಯಲಿನಲ್ಲಿ ಎತ್ತು, ಒಂಟೆ ಸಾಕು. ಕಡಿದಾದ ಬೆಟ್ಟದಲ್ಲಿ, ಅದರಲ್ಲೂ ರಸ್ತೆ ಆಗುವ ಮುಂಚೆ, ಮನುಷ್ಯರ ಬೆನ್ನೇ ಬೇಕು.

ಆ ಬೆನ್ನುಗಳನ್ನು ಒದಗಿಸಿದ ಪದ್ಧತಿಗೆ ಅಲ್ಲಿನವರು ‘ಬೇಗಾರ್’ ಎನ್ನುತ್ತಿದ್ದರು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಿಲ್ಲ. ಬಿಟ್ಟಿ. ನಮ್ಮ ಹಳೆಯ ಶಾಸನಗಳಲ್ಲೂ ಬರುವ ಮಾತು ಅದು. ಕೂಲಿಯಿಲ್ಲದೆ, ಇಲ್ಲವೇ ಹೆಸರಿಗಷ್ಟೇ ಕೂಲಿ ಪಡೆದು, ಅಧಿಕಾರದಲ್ಲಿದ್ದವರಿಗೆ ಮಾಡಿಕೊಡಬೇಕಾದ ಕಡ್ಡಾಯದ ದುಡಿಮೆ. ಇವತ್ತು ‘ಬಿಟ್ಟಿ ಸಿಕ್ತು’ ಎನ್ನುವಾಗ ದುಡಿಯದೆ ಪಡೆದವನು ನಮ್ಮ ಕಣ್ಣ ಮುಂದೆ ಬರುತ್ತಾನೆ. ಪಡೆಯದೆ ದುಡಿದವನು ಆ ಪದದಿಂದಲೇ ಜಾರಿಹೋಗಿದ್ದಾನೆ. ಶಿಮ್ಲಾದ ಸುತ್ತಲಿನ ಬೆಟ್ಟಗಳಲ್ಲಿ ಬಿಟ್ಟಿ ಬ್ರಿಟಿಷರು ತಂದದ್ದಲ್ಲ. ಅಲ್ಲಿನ ಸಣ್ಣ ಸಣ್ಣ ರಾಣಾಗಳ ಸಂಸ್ಥಾನಗಳಲ್ಲಿ ಮೊದಲೇ ಇತ್ತು. ಬ್ರಿಟಿಷರು ಅದನ್ನು ಬಳಸಿಕೊಂಡರು, ಹಿಗ್ಗಿಸಿದರು. ಸಾಹೇಬ ಬೇಟೆಗೆ ಹೊರಟರೂ, ಅಧಿಕಾರಿ ತಪಾಸಣೆಗೆ ಹೊರಟರೂ, ಹೊಲದಲ್ಲಿ ಎಷ್ಟೇ ಕೆಲಸವಿರಲಿ, ಹಳ್ಳಿಯವರು ಬಂದು ಹೊರೆ ಎತ್ತಬೇಕು.

ಇಲ್ಲೊಂದು ವಿಚಿತ್ರವಿದೆ. 1850ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಯಲಿನಿಂದ ಶಿಮ್ಲಾ ದಾಟಿ ಟಿಬೆಟ್ಟಿನ ಕಡೆಗೆ ಹೋಗುವ ಹಿಂದುಸ್ಥಾನ್–ಟಿಬೆಟ್ ರಸ್ತೆಯನ್ನು ಶುರುಮಾಡಿಸಿದ. ಅದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಒಂದು, ರಸ್ತೆಯಾದರೆ ಗಾಡಿ, ಹೇಸರಗತ್ತೆ ಓಡಾಡುತ್ತವೆ, ಬೆಟ್ಟದ ಜನರ ಬೆನ್ನ ಮೇಲಿನ ಬಿಟ್ಟಿಯ ಹೊರೆ ಇಳಿಯುತ್ತದೆ ಎನ್ನುವುದು. ಆ ರಸ್ತೆಯನ್ನು ಕಡಿಯಲು ಜನ ಬೇಕಲ್ಲ? ಬೆಟ್ಟದ ಸಂಸ್ಥಾನಗಳಿಂದ ಬಿಟ್ಟಿ ಆಳುಗಳನ್ನೇ ತರಿಸಿದರು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಜೋರಾಗಿ ನಕ್ಕ. ನಾನು ಗದರಲಿಲ್ಲ.

ಬಿಟ್ಟಿ ನಿಂತದ್ದು ರಸ್ತೆಯಿಂದಲ್ಲ, ಜನ ‘ಆಗುವುದಿಲ್ಲ’ ಎಂದದ್ದರಿಂದ. ಶಿಮ್ಲಾದಿಂದ ಸುಮಾರು 80 ಕಿಲೋಮೀಟರ್ ಆಚೆ ಕೋಟ್‌ಗಢ ಎಂಬ ಊರಿದೆ. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್ ಎಂಬ ಅಮೆರಿಕದ ಯುವಕ ಅಲ್ಲಿ ನೆಲೆಸಿ, ಅಲ್ಲಿಯವಳನ್ನೇ ಮದುವೆಯಾಗಿ, ಬೇಸಾಯ ಮಾಡಿಕೊಂಡಿದ್ದ. ಹಿಮಾಚಲದ ಕೆಂಪು ಸೇಬಿನ ಕಥೆ ಶುರುವಾಗುವುದು ಅವನು ಅಮೆರಿಕದಿಂದ ತರಿಸಿ ನೆಟ್ಟ ಗಿಡಗಳಿಂದ. ದೇವರಾಜ ಮಾರ್ಕೆಟ್ಟಿನಲ್ಲಿ ‘ಸಿಮ್ಲಾ ಆಪಲ್’ ಎಂದು ಕೂಗಿ ಮಾರುವವರು ಅವನ ಹೆಸರು ಕೇಳಿರಲಾರರು. ನಾನೂ ಈ ಸಲವೇ ಸರಿಯಾಗಿ ಓದಿದ್ದು. ಅವನು ಹಳ್ಳಿಯವರ ಜೊತೆ ನಿಂತು ಬಿಟ್ಟಿಯ ವಿರುದ್ಧ ಪತ್ರ ಬರೆದ, ಸಭೆ ನಡೆಸಿದ, ಹೊರೆ ಎತ್ತುವುದಿಲ್ಲವೆಂದು ಜನ ಪಟ್ಟು ಹಿಡಿದಾಗ ಮುಂದೆ ನಿಂತ. 1921ರಲ್ಲಿ ಸರ್ಕಾರ ಬಗ್ಗಿತು. ಅದೇ ವರ್ಷದ ಕೊನೆಗೆ ಅವನನ್ನು ಬೇರೆ ಆರೋಪದ ಮೇಲೆ ಜೈಲಿಗೂ ಹಾಕಿತು. 1932ರಲ್ಲಿ ಅವನು ಹಿಂದೂ ಧರ್ಮಕ್ಕೆ ಸೇರಿ ಸತ್ಯಾನಂದನಾದ.

ಬಿಟ್ಟಿ ಹೋದರೂ ಕೂಲಿ ಉಳಿಯಿತು. ಕೆಳಗಿನಿಂದ ಮೇಲಕ್ಕೆ ಬರುವ ದಾರಿಯ ಕಥೆ ಒಂದಾದರೆ ಊರೊಳಗಿನದು ಇನ್ನೊಂದು. ಮೊದಲು ಅಲ್ಲಿ ಇದ್ದದ್ದು ‘ಝಂಪಾನ್’, ಅಂದರೆ ನಾಲ್ಕು ಜನ ಹೊರುವ, ಪರದೆ ಕಟ್ಟಿದ ಕುರ್ಚಿ. ನಮ್ಮ ಮೇನೆಯ ಮಲೆನಾಡ ತಮ್ಮ ಎನ್ನಬಹುದು. ಆಮೇಲೆ ರಿಕ್ಷಾ ಬಂತು. ಸೈಕಲ್ ರಿಕ್ಷಾ ಅಲ್ಲ, ಆಟೋ ಅಲ್ಲ. ನಾಲ್ಕು ಜನ ಎಳೆಯುತ್ತಾ, ತಳ್ಳುತ್ತಾ ಓಡುವ ಗಾಡಿ. ಊರೊಳಗೆ ಕುದುರೆ ಸಾರೋಟಿನಲ್ಲಿ ಓಡಾಡುವ ಹಕ್ಕಿದ್ದದ್ದು ವೈಸರಾಯ್, ಸೇನಾ ದಂಡನಾಯಕ ಮತ್ತು ಪಂಜಾಬಿನ ಗವರ್ನರ್, ಈ ಮೂವರಿಗೆ ಮಾತ್ರ. ಉಳಿದ ಸಿರಿವಂತರಿಗೆಲ್ಲ ರಿಕ್ಷಾ. ದೊಡ್ಡ ಮನೆಗಳವರು ತಮ್ಮ ರಿಕ್ಷಾ ಎಳೆಯುವವರಿಗೆ ಮನೆತನದ ಬಣ್ಣದ ಸಮವಸ್ತ್ರ ಹೊಲಿಸುತ್ತಿದ್ದರು. ಅದೇ ಮಾಲ್ ರಸ್ತೆಯಲ್ಲಿ, ಸಾಹೇಬರು ಗಾಳಿ ಸೇವಿಸುವ ಸಂಜೆಯ ಹೊತ್ತು, ಹೊರೆ ಹೊತ್ತ ಕೂಲಿಗಳು ಕಾಣಿಸಿಕೊಳ್ಳುವಂತಿರಲಿಲ್ಲ.

ಈ ರಿಕ್ಷಾದ ಮೇಲೆ ಎರಡು ಕಥೆಗಳಿವೆ. ಒಂದು, ರಡ್ಯಾರ್ಡ್ ಕಿಪ್ಲಿಂಗ್ 1885ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಪ್ರಾಯದಲ್ಲಿ ಬರೆದ ದೆವ್ವದ ಕಥೆ. ಅಧಿಕಾರಿಯೊಬ್ಬ ಕೈಬಿಟ್ಟ ಹೆಂಗಸು ಕೊರಗಿ ಸಾಯುತ್ತಾಳೆ. ಸತ್ತ ಮೇಲೂ ತನ್ನ ರಿಕ್ಷಾದಲ್ಲಿ ಕೂತು ಶಿಮ್ಲಾದ ರಸ್ತೆಗಳಲ್ಲಿ ಅವನನ್ನು ಹಿಂಬಾಲಿಸುತ್ತಾಳೆ. ಅವಳ ರಿಕ್ಷಾ ಎಳೆಯುತ್ತಿದ್ದ ನಾಲ್ವರು ಅಣ್ಣತಮ್ಮಂದಿರು ಹರಿದ್ವಾರದ ದಾರಿಯಲ್ಲಿ ಕಾಲರಾದಿಂದ ಸತ್ತರೆಂದು ಕಥೆಯಲ್ಲಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಕಾಲೇಜಿನ ದಿನಗಳಲ್ಲಿ ಓದಿದಾಗ ನನಗೆ ದೆವ್ವ ಮಾತ್ರ ಕಂಡಿತ್ತು. ಈಗ ಓದಿದಾಗ ಆ ನಾಲ್ವರು ಕಂಡರು. ಒಡತಿಗೆ ಅತೃಪ್ತ ಪ್ರೇಮವಿತ್ತು, ಅವಳು ಅಲೆಯಲಿ. ಇವರು ಯಾಕೆ ಎಳೆಯಬೇಕು? ತೀರ್ಥಕ್ಕೆ ಹೊರಟು ದಾರಿಯಲ್ಲಿ ಸತ್ತವರನ್ನೂ ಕಥೆಗಾರ ಮತ್ತೆ ಕೆಲಸಕ್ಕೆ ಹಚ್ಚಿದ್ದಾನೆ. ಅದೇ ಸಮವಸ್ತ್ರ ಬೇರೆ.

ಇನ್ನೊಂದು, ಮುಲ್ಕ್ ರಾಜ್ ಆನಂದರ ‘ಕೂಲಿ’, 1936ರದು. ಕಾಂಗ್ಡಾ ಬೆಟ್ಟಗಳ ಅನಾಥ ಹುಡುಗ ಮುನೂ ಮನೆಗೆಲಸ, ಉಪ್ಪಿನಕಾಯಿ ಕಾರ್ಖಾನೆ, ಬೊಂಬಾಯಿಯ ಗಿರಣಿ ಎಲ್ಲ ಸುತ್ತಿ ಕೊನೆಗೆ ಶಿಮ್ಲಾದಲ್ಲಿ ಒಬ್ಬ ಮೇಮ್‌ಸಾಹೇಬಳ ರಿಕ್ಷಾ ಎಳೆಯುತ್ತಾನೆ. ಕ್ಷಯ ತಗುಲಿ, ಮೀಸೆ ಬಲಿಯುವ ಮುಂಚೆ ಸಾಯುತ್ತಾನೆ. ಸಾಹಿತ್ಯದ ವಿದ್ಯಾರ್ಥಿಗಳು ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು ಓದಬೇಕು. ಅದೇ ರಸ್ತೆ, ಅದೇ ಗಾಡಿ. ಐವತ್ತು ವರ್ಷದಲ್ಲಿ ಬದಲಾದದ್ದು ಇಷ್ಟು: ಕಥೆ ಹೇಳುವವನು ಗಾಡಿಯಿಂದ ಇಳಿದು ಮುಂದುಗಡೆ ಬಂದು ನಿಂತಿದ್ದಾನೆ.

ಅಮ್ಮನಿಗೆ ಇಷ್ಟವಾದ ರೈಲಿಗೆ ಬರೋಣ. ಕಾಲ್ಕಾದಿಂದ ಶಿಮ್ಲಾಕ್ಕೆ 96 ಕಿಲೋಮೀಟರ್. ಹಳಿಗಳ ನಡುವಿನ ಅಂತರ 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. 1903ರ ನವೆಂಬರ್‌ನಲ್ಲಿ ಶುರುವಾಯಿತು. ಈಗ ಬಳಕೆಯಲ್ಲಿರುವ ಸುರಂಗಗಳು 102, ಸೇತುವೆಗಳು 800ಕ್ಕೂ ಹೆಚ್ಚು. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಬರೋಗ್‌ನ 33ನೇ ಸುರಂಗ ಒಂದು ಕಿಲೋಮೀಟರಿಗೂ ಉದ್ದ. ಅದನ್ನು ಎರಡೂ ಕಡೆಯಿಂದ ಕೊರೆಸಿ ಲೆಕ್ಕ ತಪ್ಪಿದ ಇಂಜಿನಿಯರ್ ಗುಂಡು ಹಾರಿಸಿಕೊಂಡ, ಆಮೇಲೆ ಭಲ್ಕು ಎಂಬ ಬೆಟ್ಟದವನು ಕೋಲಿನಿಂದ ಬಂಡೆ ತಟ್ಟುತ್ತಾ ಸರಿದಾರಿ ತೋರಿಸಿದ ಎಂದು ಆ ಕಡೆ ಕಥೆ ಹೇಳುತ್ತಾರೆ. ರೈಲು ಬಂದ ಮೇಲೆ ಸರ್ಕಾರದ ಪೆಟ್ಟಿಗೆಗಳು ಹಳಿಯ ಮೇಲೆ ಏರಿದವು. ನಿಲ್ದಾಣದಿಂದ ಮನೆಗೆ ಮಾತ್ರ ಹಿಂದಿನಂತೆಯೇ.

ಮೂರು ದಿನದಲ್ಲಿ ಏನೇನು ನೋಡುವುದು ಎಂಬ ಪಟ್ಟಿಯಲ್ಲಿ ನಾನು ಮೊದಲು ಬರೆದದ್ದು ವೈಸರಾಯ್ ನಿವಾಸ. 1888ರಲ್ಲಿ ಡಫರಿನ್ ದಂಪತಿ ಅಲ್ಲಿಗೆ ಬಂದರು. ಅದನ್ನು ರೂಪಿಸಿದವನು ಹೆನ್ರಿ ಇರ್ವಿನ್. ಮೈಸೂರಿನವರಿಗೆ ಈ ಹೆಸರು ಗೊತ್ತಿರಬೇಕು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ, 1912ರಲ್ಲಿ ಮುಗಿದ ಈಗಿನ ಅಂಬಾವಿಲಾಸವನ್ನು ರೂಪಿಸಿದವನೂ ಅವನೇ. ಶಿಮ್ಲಾದಲ್ಲಿ ಇಂಗ್ಲೆಂಡಿನ ಹಳೆಯ ಶ್ರೀಮಂತರ ಮನೆಯಂಥ ಬೂದುಗಲ್ಲಿನ ಕಟ್ಟಡ, ಇಲ್ಲಿ ಗುಮ್ಮಟ, ಕಮಾನು. ನಾನು ದಿನವೂ ಸಿಟಿ ಬಸ್ಸಿನ ಕಿಟಕಿಯಿಂದ ನೋಡುವ ಅರಮನೆಯ ಅಣ್ಣ ಎರಡು ಸಾವಿರ ಮೀಟರ್ ಎತ್ತರದಲ್ಲಿ ಕೂತಿದ್ದಾನೆ ಎಂದು ತಿಳಿದಾಗ ಖುಷಿಯಾಯಿತು. ಆ ಮನೆಯನ್ನು ಸಂಶೋಧಕರಿಗೆ ಬಿಟ್ಟುಕೊಟ್ಟವರು ರಾಷ್ಟ್ರಪತಿ ರಾಧಾಕೃಷ್ಣನ್. 1965ರಿಂದ ಅಲ್ಲಿ ಉನ್ನತ ಅಧ್ಯಯನ ಸಂಸ್ಥೆ ಇದೆ. ನಮ್ಮ ಡಿ.ಆರ್. ನಾಗರಾಜ್ ಅಲ್ಲಿ ಫೆಲೋ ಆಗಿದ್ದರು. ದಲಿತ ಚಳವಳಿಯ ಬಗ್ಗೆ ಆಳವಾಗಿ ಯೋಚಿಸಿದವರೊಬ್ಬರು ವೈಸರಾಯನ ಮನೆಯಲ್ಲಿ ಓದುತ್ತಾ ಕೂತ ಚಿತ್ರ ನನಗೆ ಬಹಳ ಇಷ್ಟ.

ಇದನ್ನೆಲ್ಲ ಅಮ್ಮನಿಗೆ ಊಟದ ಹೊತ್ತಿನಲ್ಲಿ ಹೇಳುತ್ತಿದ್ದೆ. ಝಂಪಾನಿನ ಮಾತು ಬಂದಾಗ, ತಮಾಷೆಗೆಂದೇ, “ಈಗಲೂ ಇದ್ದಿದ್ರೆ ನಿನ್ನನ್ನ ಅದರಲ್ಲೇ ಕೂರಿಸಿಬಿಡ್ತಿದ್ದೆ. ಹೋಟೆಲಿನವನು ಜನ ಸಿಗ್ತಾರೆ ಅಂದಿದ್ದಾನೆ” ಎಂದೆ.

ಅಮ್ಮ ಸಾರು ಕಲೆಸುತ್ತಿದ್ದ ಕೈ ನಿಲ್ಲಿಸಿದಳು. “ನಮ್ಮ ತಾತ ಮೇನೆ ಹೊರ್ತಿದ್ರು ಕಣೆ” ಎಂದಳು.

ನನಗೆ ಇದು ಗೊತ್ತಿರಲಿಲ್ಲ. ಐವತ್ತರ ಹತ್ತಿರ ಬಂದಿದ್ದೇನೆ, ಇತಿಹಾಸದ ಮೇಷ್ಟರಮ್ಮ ಬೇರೆ. ಅಮ್ಮನ ತಾತ ಬೇಸಾಯದವರು ಎಂದಷ್ಟೇ ಕೇಳಿದ್ದೆ. ಬೇಸಾಯ ಆಮೇಲಿನದಂತೆ. ಅದಕ್ಕೆ ಮುಂಚೆ, ಪ್ರಾಯದಲ್ಲಿ, ಜೋಡಿದಾರರ ಮನೆಯ ಮೇನೆ. ಮದುವೆಗೆ, ಜಾತ್ರೆಗೆ, ಆ ಮನೆಯ ಹೆಂಗಸರು ತವರಿಗೆ ಹೋಗುವಾಗ. ಅಮ್ಮ ಹುಡುಗಿಯಾಗಿದ್ದಾಗ ತಾತ ಜಗಲಿಯ ಮೇಲೆ ಬರಿಮೈಯಲ್ಲಿ ಕೂತಿರುತ್ತಿದ್ದರು. ಬಲಭುಜದ ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟು. “ನಾನು ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗಿ ಮತ್ತೆ ಮೇಲೆ ಬರೋದು. ನೋಯಲ್ವಾ ತಾತ ಅಂದ್ರೆ, ಅದು ನನ್ನದಲ್ಲ ಮಗಾ, ದಣಿಗಳದ್ದು, ಇಲ್ಲಿ ಬಿಟ್ಟುಹೋಗವ್ರೆ ಅಂತಿದ್ರು.”

ಅಷ್ಟು ಹೇಳಿ ಅಮ್ಮ ಊಟ ಮುಂದುವರಿಸಿದಳು. ಕೈ ತೊಳೆಯುವಾಗ, “ನನ್ನನ್ನ ಯಾರೂ ಹೊರೋದು ಬೇಡ. ಆಗದಿದ್ರೆ ಮಾಲ್ ರೋಡೇ ಬೇಡ, ರೈಲಲ್ಲಿ ಹೋಗಿ ರೈಲಲ್ಲೇ ಬರೋಣ” ಎಂದಳು.

ಆ ರಾತ್ರಿ ನಾನು ಗಾಂಧಿಯನ್ನು ಹುಡುಕಿದೆ. ಮೇನೆಯ ವಿಷಯದಲ್ಲಿ ಅವರಾದರೂ ಅಮ್ಮನ ಪರ ಇರುತ್ತಾರೆ ಎನಿಸಿತ್ತು. ಗಾಂಧಿ ಮೊದಲು ಶಿಮ್ಲಾಕ್ಕೆ ಬಂದದ್ದು 1921ರ ಮೇ ತಿಂಗಳಲ್ಲಿ, ವೈಸರಾಯ್ ರೀಡಿಂಗ್ ಜೊತೆ ಮಾತಾಡಲು. ಐನೂರನೇ ಮಹಡಿಯಲ್ಲಿ ಕೂತು ವ್ಯಾಪಾರ ಮಾಡುವ ಅಂಗಡಿಯವನಿಗೂ ಈ ಸರ್ಕಾರಕ್ಕೂ ಏನು ವ್ಯತ್ಯಾಸ ಎಂಬರ್ಥದಲ್ಲಿ ಆಮೇಲೆ ಬರೆದರು. ಕೆಳಗಿರುವ ಗಿರಾಕಿ ಅಲ್ಲಿಗೆ ಹತ್ತುವುದು ಹೇಗೆ? ಕೆಳಗಿನವರ ದನಿ ಮೇಲೆ ಕೇಳುವುದು ಹೇಗೆ? ಆದರೆ 1945ರ ಬೇಸಿಗೆಯಲ್ಲಿ, ಜೂನ್ 25ರಿಂದ ಜುಲೈ 14ರವರೆಗೆ ನಡೆದು ಮುರಿದುಬಿದ್ದ ಸಮ್ಮೇಳನದ ಹೊತ್ತಿಗೆ ಅವರು ಮತ್ತೆ ಶಿಮ್ಲಾದಲ್ಲಿದ್ದರು. ರಾಜಕುಮಾರಿ ಅಮೃತ್ ಕೌರ್ ಅವರ ಮನೆಯಲ್ಲಿ ಬಿಡಾರ. ಆ ಕಾಲದ ಒಂದು ಫೋಟೊದಲ್ಲಿ ಗಾಂಧಿ ರಿಕ್ಷಾದಲ್ಲಿ ಕೂತಿದ್ದಾರೆ, ಮನುಷ್ಯರು ಎಳೆಯುವ ರಿಕ್ಷಾದಲ್ಲಿ.

ಬೆಳಗ್ಗೆ ಫೋಟೊವನ್ನು ಅಮ್ಮನಿಗೆ ತೋರಿಸಿದೆ. ವಾದದಲ್ಲಿ ಗೆಲ್ಲಲೆಂದೋ, ಸುಮ್ಮನೆಯೋ, ನನಗೇ ಗೊತ್ತಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. “ಎಷ್ಟು ವಯಸ್ಸು ಆಗ ಇವರಿಗೆ?” ಎಂದಳು. 75 ಎಂದೆ. “ಪಾಪ, ಅವರಿಗೂ ಕಾಲು ನೋಯ್ತಿತ್ತೇನೋ” ಎಂದು ಫೋನ್ ವಾಪಸು ಕೊಟ್ಟಳು.

ದಿನಾಂಕ ಬದಲಿಸುವ ಯೋಚನೆಯೂ ಬಂದಿತ್ತು. ಮೇ ತಿಂಗಳಾದರೆ ನನಗೆ ರಜೆ ಹಾಕುವ ತಾಪತ್ರಯವಿಲ್ಲ. ಆದರೆ 2018ರ ಬೇಸಿಗೆಯಲ್ಲಿ ಆ ಊರಿನ ನಲ್ಲಿಗಳು ಬತ್ತಿ, ಪ್ರವಾಸಿಗರೇ ದಯವಿಟ್ಟು ಬರಬೇಡಿ ಎಂದು ಸ್ಥಳೀಯರು ಕೇಳಿಕೊಂಡದ್ದು ನೆನಪಿದೆ. 2011ರ ಜನಗಣತಿಯಲ್ಲೇ 1.7 ಲಕ್ಷದಷ್ಟು ಜನರಿದ್ದ ಊರು. ಕುಡಿಯುವ ನೀರನ್ನೂ ಕೆಳಗಿನ ಕಣಿವೆಗಳಿಂದ ಪಂಪು ಮಾಡಿ ಏರಿಸಬೇಕು. ಮಳೆಗಾಲದ ಮಾತೇ ಬೇಡ. 2023ರ ಆಗಸ್ಟ್ 14ರಂದು ಸಮ್ಮರ್ ಹಿಲ್‌ನಲ್ಲಿ ಗುಡ್ಡ ಕುಸಿದು ಶಿವನ ದೇವಸ್ಥಾನದಲ್ಲಿದ್ದ 20 ಜನ ತೀರಿಕೊಂಡರು. ಅಮ್ಮ ಆಸೆಪಟ್ಟ ರೈಲಿನ ಹಳಿ, ಕೆಳಗೆ ಮಣ್ಣೇ ಇಲ್ಲದೆ, ಬಟ್ಟೆ ಒಣಹಾಕುವ ತಂತಿಯಂತೆ ಗಾಳಿಯಲ್ಲಿ ತೂಗುತ್ತಿದ್ದ ಚಿತ್ರ ಆಗ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಹಾಗಾಗಿ ಅಕ್ಟೋಬರ್ ಕೊನೆಯೇ ಇರಲಿ ಎಂದುಕೊಂಡೆವು. ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಕಾಲ್ಕಾ, ಅಲ್ಲೊಂದು ರಾತ್ರಿ, ಬೆಳಗಿನ ರೈಲು.

ಹೋಟೆಲ್ ಬದಲಿಸಿದೆ. ಕಾರ್ಟ್ ರಸ್ತೆಯಲ್ಲೇ, ಲಿಫ್ಟಿಗೆ ಹತ್ತಿರ. ರಸ್ತೆಯಿಂದ ಕೋಣೆಗೆ 26 ಮೆಟ್ಟಿಲು ಎಂದು ಅವರು ಎಣಿಸಿ ಹೇಳಿದರು. ಇನ್ನು ಉಳಿದದ್ದು ಸಾಮಾನಿನ ಪ್ರಶ್ನೆ. ಅದೂ ಬೇಡ, ಇಬ್ಬರದೂ ಸೇರಿ ಒಂದೇ ಚೀಲ, ನಾನೇ ಹೊರುತ್ತೇನೆ ಎಂದೆ. ಅದಕ್ಕೆ ಅಮ್ಮ ಒಪ್ಪಲಿಲ್ಲ. “ಆ ಖಾನ್‌ಗಳು ಮನೆ ಬಿಟ್ಟು ಅಷ್ಟು ದೂರ ಬಂದಿರೋದು ದುಡಿಯೋಕೆ. ನೀನು ಹೊತ್ಕೊಂಡ್ರೆ ಅವನ ಕೂಲಿ ಯಾರು ಕೊಡ್ತಾರೆ?” ಹಾಗಾದರೆ ತಾತನಿಗೂ ಜೋಡಿದಾರರು ಕೂಲಿ ಕೊಡುತ್ತಿದ್ದರಲ್ಲ ಎಂದೆ. “ವರ್ಷಕ್ಕೆ ಎರಡು ಪಂಚೆ” ಎಂದಳು. “ಅದೂ ಹಳೇದು.”

ಈ ವಾದ ಇನ್ನೂ ಮುಗಿದಿಲ್ಲ. ಟಿಕೆಟ್ ಆಗಿದೆ. ನಮ್ಮ ಮನೆಯ ಮಹಡಿಗೆ 18 ಮೆಟ್ಟಿಲು. ಅಮ್ಮ ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ಗೋಡೆ ಹಿಡಿದುಕೊಂಡು ಹತ್ತಿ ಇಳಿಯುತ್ತಾಳೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಂತೆ. ನಿನ್ನೆ ಚೀಲವನ್ನು ಹಳೆಯ ಪೇಪರಿನವನ ತಕ್ಕಡಿಗೆ ನೇತುಹಾಕಿ ತೂಗಿಸಿದಳು, ಒಂಬತ್ತೂವರೆ ಕಿಲೋ. ಸ್ವೆಟರ್ ಒಂದನ್ನು ತೆಗೆದು ಮೈಮೇಲೆ ಹಾಕಿಕೊಂಡು, ಮತ್ತೆ ತೂಗಲು ಹೇಳಿದಳು.